ಸೊಂಟದ ಪಿಸ್ತೂಲು, ಎದುರಿನವರ ಮುನಿಸು: ಟೆಕ್ಸಸ್ ಕನ್ನಡಿಗರಿಗೆ ಕೆಲವು ಮಾತು

ಗೃಹಪ್ರವೇಶದ ಮನೆ. ಮಂಗಳಾರತಿ ಮುಗಿದಿತ್ತು. ಊರಿನಿಂದ ಬಂದಿದ್ದ ಗೆಳೆಯನ ತಾಯಿಗೆ ನಮಸ್ಕಾರ ಮಾಡಲು ಬಗ್ಗಿದೆ. ಜುಬ್ಬದ ಪಕ್ಕದ ಸೀಳು ಸರಿದು, ಸೊಂಟದ ಬಲಗಡೆ ಇದ್ದ ಪಿಸ್ತೂಲಿನ ಹಿಡಿ ಹೊರಗೆ ಇಣುಕಿತು. ನನಗೆ ಗೊತ್ತಾಗಲಿಲ್ಲ. ಪ್ರಸಾದದ ತಟ್ಟೆ ಹಿಡಿದು ನಿಂತಿದ್ದ ಹೆಂಗಸೊಬ್ಬರಿಗೆ ಕಂಡಿತು. ಅವರು ಬಾಯಿ ಬಿಡಲಿಲ್ಲ. ನಾನು ಎದ್ದು ಕೈ ಚಾಚುವ ಹೊತ್ತಿಗೆ ತಟ್ಟೆ ಪಕ್ಕದವರ ಕಡೆಗೆ ತಿರುಗಿತ್ತು.

ಮರುದಿನ ಗೆಳೆಯ ಫೋನ್ ಮಾಡಿದ. ‘ನಮ್ಮ ಮನೆಗೆ ಅದನ್ನು ಕಟ್ಟಿಕೊಂಡು ಬಂದಿದ್ದೆಯಾ? ಹದಿನೈದು ಮಕ್ಕಳು ಓಡಾಡುತ್ತಿದ್ದರು.’ ನನ್ನ ಬಳಿ ಲೈಸೆನ್ಸ್ ಇತ್ತು. ಅವನ ಬಾಗಿಲಿನಲ್ಲಿ ತರಬಾರದೆಂಬ ಫಲಕ ಇರಲಿಲ್ಲ. ಟೆಕ್ಸಸ್ ಕಾನೂನು ಪೂರ್ತಿ ನನ್ನ ಕಡೆಗಿತ್ತು. ಅದನ್ನೆಲ್ಲ ಅವನಿಗೆ ಅರ್ಧ ಗಂಟೆ ವಿವರಿಸಿದೆ. ಅದು ನಾನು ಮಾಡಿದ ಎರಡನೆಯ ತಪ್ಪು. ಆ ಸ್ನೇಹ ಮತ್ತೆ ಹದಕ್ಕೆ ಬರಲು ಎರಡು ವರ್ಷ ಹಿಡಿಯಿತು.

ಪಿಸ್ತೂಲು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ. ಕಾನೂನಿನ ಪ್ರಕಾರ ಮರೆಯಲ್ಲಿ ಕಟ್ಟಿಕೊಂಡು ಓಡಾಡುವವರು, ಅಥವಾ ಹಾಗೆ ಮಾಡಲು ಹೊರಟವರು, ಅದನ್ನು ಒಪ್ಪದ ಹೆಂಡತಿ, ಗಂಡ, ಗೆಳೆಯರು, ನೆರೆಯವರು, ಅಂಗಡಿಯವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದಷ್ಟೇ ವಿಷಯ. ನಾನಿರುವುದು ಡಾಲಸ್ ಬಳಿ. ಆದ್ದರಿಂದ ಕಾನೂನಿನ ಮಾತೆಲ್ಲ ಟೆಕ್ಸಸ್‌ನದು. ನಿಮ್ಮ ರಾಜ್ಯದ್ದು ಬೇರೆ ಇರುತ್ತದೆ. ಇಲ್ಲಿನ ಲೈಸೆನ್ಸ್ ಕ್ಯಾಲಿಫೋರ್ನಿಯಾದಲ್ಲೋ ನ್ಯೂಯಾರ್ಕ್‌ನಲ್ಲೋ ಬರೀ ಪ್ಲಾಸ್ಟಿಕ್ ತುಂಡು.

ಮೊದಲು ವೀಸಾ

ನಮ್ಮವರಿಗೆ ಕೈ ಮುಗಿದು ಹೇಳಬೇಕಾದ ಮಾತು ಇದು. ಎಚ್‌-1ಬಿ, ಎಲ್‌-1, ಎಫ್‌-1, ಬಿ-2 ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನೇ ನಿಷೇಧಿಸುತ್ತದೆ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಕಟ್ಟಿಕೊಳ್ಳಬಹುದು ಎಂದು ಕೇಳಿ ಉತ್ಸಾಹಗೊಳ್ಳುವವರಿದ್ದಾರೆ. ರಾಜ್ಯ ಬಿಟ್ಟರೂ ಕೇಂದ್ರ ಬಿಡುವುದಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ಒಂದು ವಿನಾಯಿತಿ ಇದೆ. ವಕೀಲರನ್ನು ಕೇಳದೆ ಆ ಸಂದಿಯಲ್ಲಿ ನುಗ್ಗಬೇಡಿ. ಗ್ರೀನ್ ಕಾರ್ಡ್ ಬಂದವರಿಗೆ ಮತ್ತು ಪೌರರಿಗೆ ಈ ತಡೆ ಇಲ್ಲ.

ಆದ್ದರಿಂದ ಎಚ್‌-1ಬಿಯಲ್ಲಿರುವ ನಿಮಗೆ ಯಾರಾದರೂ ‘ಇದು ಸರಿಯಲ್ಲ’ ಎಂದರೆ ಆ ಅಸಮ್ಮತಿಯನ್ನು ನಿಭಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಅವರು ಹೇಳಿದ್ದು ನಿಜ. ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಕಾಯ್ದು ಕುಳಿತವರು ಇಂಥದಕ್ಕೆ ಅದನ್ನು ಕಳೆದುಕೊಂಡರೆ ಯಾರಿಗೆ ಹೇಳಿಕೊಳ್ಳುತ್ತೀರಿ? ಊರಿನಿಂದ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರಿಗೂ ಇದೇ ನಿಯಮ. ‘ಒಮ್ಮೆ ಹಿಡಿದು ನೋಡು’ ಎಂದು ಅವರ ಕೈಗೆ ಕೊಡುವುದೂ ಬೇಡ.

ಲೈಸೆನ್ಸ್ ಬೇಡವೆಂದರೂ ಮಾಡಿಸಿ

2021ರ ನಂತರ ಟೆಕ್ಸಸ್‌ನಲ್ಲಿ ಲೈಸೆನ್ಸ್ ಕಡ್ಡಾಯವಲ್ಲ, ನಿಜ. ಆದರೂ ಮಾಡಿಸಿ. ನಾಲ್ಕರಿಂದ ಆರು ಗಂಟೆಯ ತರಗತಿ, ಒಂದು ಲಿಖಿತ ಪರೀಕ್ಷೆ, ಬೆರಳಚ್ಚು, ಹಿನ್ನೆಲೆ ತಪಾಸಣೆ, ಕೊನೆಗೆ ಗುರಿ ಪರೀಕ್ಷೆ: 3 ಗಜದಿಂದ 20 ಗುಂಡು, 7 ಗಜದಿಂದ 20, 15 ಗಜದಿಂದ 10. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ನಿಜ ಹೇಳಬೇಕೆಂದರೆ ಪರೀಕ್ಷೆ ಅಷ್ಟೇನೂ ಕಷ್ಟವಲ್ಲ. ಇದರಲ್ಲಿ ಪಾಸಾದವರೆಲ್ಲ ಗುರಿಕಾರರು ಎಂದು ಭ್ರಮಿಸಬೇಡಿ. ಆದರೆ ತರಗತಿಯಲ್ಲಿ ಎಲ್ಲಿ ಒಯ್ಯಬಾರದು, ಯಾವಾಗ ಹೊರತೆಗೆಯಬಾರದು ಎಂಬುದನ್ನು ತಲೆಗೆ ತುಂಬುತ್ತಾರೆ. ಶಾಲೆಗಳ ಸುತ್ತಲಿನ 1,000 ಅಡಿಯ ಕೇಂದ್ರ ನಿಷೇಧದಿಂದ ವಿನಾಯಿತಿ ಸಿಗುವುದು ರಾಜ್ಯದ ಲೈಸೆನ್ಸ್ ಇದ್ದವರಿಗೆ. ಬಡಾವಣೆಗೊಂದು ಶಾಲೆಯಿರುವ ಪ್ಲೇನೋ, ಫ್ರಿಸ್ಕೋದಂಥ ಊರುಗಳಲ್ಲಿ ಅದಿಲ್ಲದೆ ರಸ್ತೆಗೆ ಇಳಿಯುವುದೇ ಕಷ್ಟ.

ಇನ್ನೊಂದು ಲಾಭ ಮನೆಯೊಳಗಿನದು. ‘ಯಾರು ಬೇಕಾದರೂ ಕೊಳ್ಳುವ ವಸ್ತು ಅದು, ನಿನಗೇನು ಗೊತ್ತು?’ ಎಂದು ಮಾವನವರು ಕೇಳಿದಾಗ ‘ಕಲಿತು, ಪರೀಕ್ಷೆ ಬರೆದು, ಬೆರಳಚ್ಚು ಕೊಟ್ಟು ತಂದಿದ್ದೇನೆ’ ಎಂಬ ಮಾತಿಗೆ ತೂಕ ಬರುತ್ತದೆ. ನಮ್ಮವರಿಗೆ ಪರೀಕ್ಷೆ ಪಾಸಾದವರ ಮೇಲೆ ಸಣ್ಣ ಗೌರವ ಯಾವಾಗಲೂ ಇದೆ.

ಕಾಣಿಸದಿದ್ದರೆ ಮುಕ್ಕಾಲು ತಕರಾರು ಇಲ್ಲ

ಅಪರಿಚಿತರ ಅಸಮ್ಮತಿಯಲ್ಲಿ ಹೆಚ್ಚಿನದು ಹುಟ್ಟುವುದು ನಮ್ಮ ಅಜಾಗರೂಕತೆಯಿಂದ. ಮರೆಯಲ್ಲಿರಬೇಕಾದದ್ದು ಮರೆಯಲ್ಲಿದ್ದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಬಟ್ಟೆಯ ಮೇಲೆ ಪಿಸ್ತೂಲಿನ ಆಕಾರ ಮೂಡುವುದಕ್ಕೆ ಇಲ್ಲಿನವರು ‘ಪ್ರಿಂಟಿಂಗ್’ ಎನ್ನುತ್ತಾರೆ. ಅವರ ಪುಸ್ತಕಗಳಲ್ಲಿ ಇದಕ್ಕೆ ಬೇಕಾದಷ್ಟು ಸಲಹೆ ಸಿಗುತ್ತದೆ. ಆದರೆ ಅವರು ಯಾರೂ ಹಿರಿಯರ ಕಾಲಿಗೆ ಬೀಳುವುದಿಲ್ಲ, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ. ನಮ್ಮ ಸಮಸ್ಯೆ ನಾವೇ ಬಿಡಿಸಿಕೊಳ್ಳಬೇಕು.

ಅಂಗಡಿಯಿಂದ ತಂದ ದಿನ ನಿಲುವುಗನ್ನಡಿಯ ಮುಂದೆ ಅರ್ಧ ಗಂಟೆ ಕಳೆಯಿರಿ. ಪಿಸ್ತೂಲಿನಿಂದ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದು, ನಳಿಗೆಯ ಬುಡದಲ್ಲಿ ಗುಂಡು ಕೂರುವ ಗೂಡು ಖಾಲಿಯಿದೆಯೆಂದು ಎರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಕಟ್ಟಿಕೊಳ್ಳಿ. ಬಗ್ಗಿ ಶೂ ಲೇಸ್ ಕಟ್ಟಿ. ಮೇಲಿನ ಕಪಾಟಿಗೆ ಕೈ ಚಾಚಿ. ನೆಲದ ಮೇಲೆ ಕುಳಿತು ಏಳಿ. ನಮಸ್ಕಾರ ಮಾಡಿ. ಮಗುವನ್ನು ಎತ್ತಿಕೊಂಡಂತೆ ದಿಂಬೊಂದನ್ನು ಸೊಂಟದ ಮೇಲೆ ಕೂರಿಸಿಕೊಳ್ಳಿ. ಬೆನ್ನಿನ ಬಲಭಾಗದಲ್ಲಿ ಕಟ್ಟಿದ್ದು ಬಗ್ಗಿದ ಕೂಡಲೇ ಗೂನಿನಂತೆ ಎದ್ದು ನಿಲ್ಲುತ್ತದೆ. ಮುಂದೆ, ಹೊಟ್ಟೆಯ ಬದಿಗೆ ಕಟ್ಟಿದರೆ ಬಗ್ಗಿದಾಗ ಕಾಣುವುದಿಲ್ಲ, ಆದರೆ ಹೊಟ್ಟೆ ಬಂದವರಿಗೆ ಕುಳಿತಾಗ ಚುಚ್ಚುತ್ತದೆ. ನಾನು ಎರಡನೆಯದಕ್ಕೆ ಹೊಂದಿಕೊಂಡೆ, ಅನ್ನವನ್ನೂ ಸ್ವಲ್ಪ ಕಡಿಮೆ ಮಾಡಿದೆ.

ದುಡ್ಡು ಹಾಕುವುದಿದ್ದರೆ ಬೆಲ್ಟಿಗೆ ಹಾಕಿ. ಸಾಧಾರಣ ಬೆಲ್ಟು ಪಿಸ್ತೂಲಿನ ಭಾರಕ್ಕೆ ಜೋಲುತ್ತದೆ. ಜೋತ ಬೆಲ್ಟನ್ನು ನೀವು ದಿನಕ್ಕೆ ಇಪ್ಪತ್ತು ಸಲ ಎತ್ತಿಕೊಳ್ಳುತ್ತೀರಿ. ಆ ಎತ್ತಿಕೊಳ್ಳುವಿಕೆಯೇ ನಿಮ್ಮನ್ನು ಹಿಡಿದುಕೊಡುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬೇಕು. ಜುಬ್ಬ ಬೇಡ ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ ಎಂದುಕೊಂಡಿದ್ದೇನೆ. ಪಂಚೆಯ ಮೇಲೆ ಕಟ್ಟಿಕೊಳ್ಳಬಹುದೇ ಎಂದು ಒಬ್ಬರು ನಿಜವಾಗಿಯೂ ಕೇಳಿದ್ದರು. ಆ ದಿನ ಮನೆಯಲ್ಲೇ ಬಿಟ್ಟು ಹೋಗಿ ಸ್ವಾಮಿ.

ಕೈಗೆ ಬುದ್ಧಿ ಹೇಳಿಕೊಡುವುದು ಬಟ್ಟೆಗಿಂತ ಕಷ್ಟ. ಹೊಸಬರ ಕೈ ಪದೇ ಪದೇ ಸೊಂಟಕ್ಕೆ ಹೋಗುತ್ತದೆ; ಹೊಸದಾಗಿ ತಾಳಿ ಕಟ್ಟಿಸಿಕೊಂಡವಳ ಕೈ ಕುತ್ತಿಗೆಗೆ ಹೋಗುವ ಹಾಗೆ. ಮನೆಯಲ್ಲಿ ವಾರಗಟ್ಟಲೆ ಕಟ್ಟಿಕೊಂಡು ಓಡಾಡಿ ಆ ಚಾಳಿ ಬಿಟ್ಟ ಮೇಲೆ ಹೊರಗೆ ಹೊರಡಿ.

ಯಾರಿಗೆ ಹೇಳಬೇಕು

ನನಗೆ ತಡವಾಗಿ ಹೊಳೆದ ಸಂಗತಿ ಇದು. ನಮ್ಮನ್ನು ಒಪ್ಪದವರೆಲ್ಲ ಒಂದೇ ಬಗೆಯವರಲ್ಲ. ಕೆಲವರಿಗೆ ತಿಳಿಯುವ ಹಕ್ಕಿದೆ, ಬೇಡವೆನ್ನುವ ಹಕ್ಕೂ ಇದೆ. ಮಿಕ್ಕವರಿಗೆ ಎರಡೂ ಇಲ್ಲ. ಮೊದಲಿನವರಿಂದ ಮುಚ್ಚಿಡುವುದು ತಪ್ಪು. ಎರಡನೆಯವರಿಗೆ ಹೇಳುತ್ತ ಹೋಗುವುದು ಬಡಾಯಿ.

ಹಕ್ಕಿರುವವರು: ಮನೆಯಲ್ಲಿ ನಿಮ್ಮೊಂದಿಗೆ ಬಾಳುವವರು; ನಿಮ್ಮನ್ನು ಮನೆಯೊಳಗೆ ಕರೆದವರು; ನಿಮ್ಮ ಮನೆಗೆ ಆಡಲು ಮಕ್ಕಳನ್ನು ಕಳಿಸುವ ತಂದೆ ತಾಯಿ; ಗುರುತಿನ ಚೀಟಿ ಕೇಳಿದ ಪೊಲೀಸರು. ಕೊನೆಯದು ಸುಲಭ. ಟೆಕ್ಸಸ್‌ನಲ್ಲಿ ಲೈಸೆನ್ಸ್‌ದಾರರು ಪಿಸ್ತೂಲು ಕಟ್ಟಿಕೊಂಡಿರುವಾಗ ಪೊಲೀಸರು ಗುರುತು ಕೇಳಿದರೆ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಪಿಸ್ತೂಲಿನ ಲೈಸೆನ್ಸನ್ನೂ ತೋರಿಸಬೇಕು. ಕೈ ಎರಡನ್ನೂ ಸ್ಟಿಯರಿಂಗ್ ಮೇಲಿಟ್ಟು, ಬಾಯಲ್ಲಿ ಹೇಳಿ, ಅವರು ಹೇಳಿದ ಮೇಲೆಯೇ ಪರ್ಸಿಗೆ ಕೈ ಹಾಕಿ.

ಹೆಂಡತಿಯ ಜೊತೆಗಿನ ಮಾತು

ನಮ್ಮ ಮನೆಯಲ್ಲಿ ಇದು ಒಂದು ಸಂಜೆಯಲ್ಲಿ ಮುಗಿಯಲಿಲ್ಲ. ಮೂರು ತಿಂಗಳು ನಡೆಯಿತು. ಮೊದಲ ಸುತ್ತಿನಲ್ಲಿ ನಾನು ಅಂಕಿ ಅಂಶ ಹಿಡಿದುಕೊಂಡು ಕುಳಿತೆ. ಅವಳು ನನಗಿಂತ ಚೆನ್ನಾಗಿ ಓದಿಕೊಂಡಿದ್ದಳು. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಮಂದಿ ತಮ್ಮ ಜೀವ ತಾವೇ ತೆಗೆದುಕೊಂಡವರು. ‘ಹೊರಗಿನ ಕಳ್ಳನಿಗಾಗಿ ತರುತ್ತೀಯ, ಮನೆಯೊಳಗೆ ಬೇಸರ ಹೊಕ್ಕ ದಿನ ಏನು ಮಾಡುತ್ತೀಯ?’ ಎಂದಳು. 2020ರಿಂದ ಈ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು ಎಂಬುದನ್ನೂ ಮೇಜಿನ ಮೇಲಿಟ್ಟಳು. ನನ್ನ ಬಳಿ ಉತ್ತರ ಇರಲಿಲ್ಲ. ಇಂದಿಗೂ ಇಲ್ಲ. ಅಂಥ ಮಾತಿಗೆ ‘ನಾನು ಹಾಗಲ್ಲ’ ಎನ್ನುವುದು ಉತ್ತರವಾಗುವುದಿಲ್ಲ. ಎಲ್ಲರೂ ಹಾಗೆಯೇ ಅಂದುಕೊಂಡಿರುತ್ತಾರೆ.

ದಾರಿ ತೆರೆದದ್ದು ‘ನಿನಗೆ ಏನಿದ್ದರೆ ನಿದ್ದೆ ಬರುತ್ತದೆ?’ ಎಂದು ಕೇಳಿದ ಮೇಲೆ. ಅವಳು ಷರತ್ತು ಹೇಳಿದಳು, ನಾನು ಬರೆದುಕೊಂಡೆ. ಸೊಂಟದಿಂದ ಬಿಚ್ಚಿದ ಕ್ಷಣ ಸೇಫಿಗೆ. ದಿಂಬಿನ ಕೆಳಗೆ, ಮೇಜಿನ ಖಾನೆಯಲ್ಲಿ, ಬೀರುವಿನ ಸೀರೆಗಳ ನಡುವೆ ಎಂದೆಂದಿಗೂ ಇಲ್ಲ. ಗೋಡೆಗೆ ಬೋಲ್ಟ್ ಹಾಕಿದ ಸೇಫು; ಅದರ ಸಂಖ್ಯೆ ಇಬ್ಬರಿಗೂ ಗೊತ್ತಿರಬೇಕು, ಮಗನಿಗೆ ಗೊತ್ತಿರಬಾರದು, ಹುಟ್ಟಿದ ದಿನ ಮದುವೆಯ ದಿನ ಯಾವುದೂ ಆಗಿರಬಾರದು. ಒಂದು ತೊಟ್ಟು ಕುಡಿಯುವ ದಿನ ಕಟ್ಟಿಕೊಳ್ಳುವಂತಿಲ್ಲ. ನಾವಿಬ್ಬರೂ ಜಗಳವಾಡಿದ ದಿನವೂ ಇಲ್ಲ. ಕೆಲಸ ಹೋದರೆ, ಯಾರಿಗಾದರೂ ಮನಸ್ಸು ಕುಗ್ಗಿದರೆ, ಇನ್ನೊಬ್ಬರು ಕಾರಣ ಹೇಳದೆಯೇ ‘ಮನೆಯಿಂದ ಹೊರಗೆ ಇಡು’ ಎನ್ನಬಹುದು. ಆಗ ವಾದ ಮಾಡುವಂತಿಲ್ಲ. ಅವಳೂ ಒಮ್ಮೆ ನನ್ನ ಜೊತೆ ಗುರಿ ಅಭ್ಯಾಸದ ರೇಂಜಿಗೆ ಬಂದು, ಗುಂಡು ತೆಗೆದು ಖಾಲಿ ಮಾಡುವುದನ್ನು ಕಲಿತಳು. ಹೊಡೆಯುವುದನ್ನು ಕಲಿಯಲಿಲ್ಲ, ನಾನು ಒತ್ತಾಯಿಸಲಿಲ್ಲ.

ಕಡೆಯ ಷರತ್ತನ್ನು ಒಮ್ಮೆ ಬಳಸಿದಳು. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದ ತಿಂಗಳು ಅದು. ಎರಡು ತಿಂಗಳು ಪಿಸ್ತೂಲು ಇನ್ನೊಬ್ಬ ಲೈಸೆನ್ಸ್‌ದಾರನ ಸೇಫಿನಲ್ಲಿತ್ತು. ಅವಳು ಇವತ್ತಿಗೂ ಇದನ್ನು ಮೆಚ್ಚುವುದಿಲ್ಲ. ಮೆಚ್ಚಬೇಕೆಂದು ನಾನು ಕಾಯುತ್ತಲೂ ಇಲ್ಲ.

ಮಕ್ಕಳ ವಿಷಯದಲ್ಲಿ ಕಾನೂನೂ ಅವಳ ಕಡೆಗಿದೆ: ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನವರ ಕೈಗೆ ಸಿಗುವಂತೆ ಬಿಟ್ಟರೆ ಟೆಕ್ಸಸ್‌ನಲ್ಲಿ ಅದೇ ಅಪರಾಧ. ಮಗನ ಸಹಪಾಠಿಯ ತಾಯಿ ‘ನಿಮ್ಮ ಮನೆಯಲ್ಲಿ ಗನ್ ಇದೆಯೇ?’ ಎಂದು ಕೇಳಿದರೆ ಮುಖ ಸಿಂಡರಿಸಬೇಡಿ. ಅಮೆರಿಕದಲ್ಲಿ ಅದು ಕಡಲೆಬೀಜದ ಅಲರ್ಜಿ ಕೇಳಿದಷ್ಟೇ ಸಹಜವಾದ ಪ್ರಶ್ನೆ. ‘ಇದೆ. ಸೇಫಿನಲ್ಲಿದೆ. ಮಕ್ಕಳು ಬರುವ ದಿನ ಸೇಫು ತೆರೆಯುವುದಿಲ್ಲ. ನೋಡಬೇಕೆಂದರೆ ಸೇಫು ಎಲ್ಲಿದೆಯೆಂದು ತೋರಿಸುತ್ತೇನೆ’ ಎಂದಿಷ್ಟು ಸಾಕು. ಆದರೂ ಅವರು ಮಗುವನ್ನು ಕಳಿಸದಿದ್ದರೆ, ನಿಮ್ಮ ಮಗುವನ್ನು ಅವರ ಮನೆಗೆ ಕಳಿಸಿ. ನನ್ನ ಮಗನ ಒಬ್ಬ ಗೆಳೆಯ ನಮ್ಮ ಮನೆಗೆ ಬರುವುದೇ ಇಲ್ಲ. ಅವರಿಬ್ಬರೂ ಪಾರ್ಕಿನಲ್ಲಿ ಆಡುತ್ತಾರೆ, ಆಟಕ್ಕೇನೂ ಕಡಿಮೆಯಾಗಿಲ್ಲ.

ಅವರ ಮನೆ, ದೇವಸ್ಥಾನ, ಸಂಘದ ಸಭೆ

ಸ್ನೇಹಿತರ ಮನೆಗೆ ಹೋಗುವಾಗ ನಾನೀಗ ಒಯ್ಯುವುದಿಲ್ಲ. ಫಲಕ ಹಾಕದಿರುವುದು ಒಪ್ಪಿಗೆಯಲ್ಲ. ಊಟಕ್ಕೆ ಕರೆದವರು ಬಾಗಿಲಿಗೆ ಫಲಕ ಹಾಕುತ್ತಾರೆಯೇ? ದಾರಿ ದೂರವಿದ್ದು ಒಯ್ಯಲೇಬೇಕೆಂದಿದ್ದರೆ ಮೊದಲೇ ಫೋನ್ ಮಾಡಿ ಕೇಳಿ. ಕೇಳಲು ಸಂಕೋಚವಾದರೆ ಉತ್ತರ ಆಗಲೇ ನಿಮಗೆ ಗೊತ್ತಿದೆ ಎಂದರ್ಥ. ಕಾರಿನಲ್ಲಿ ಬಿಡುವುದಾದರೆ ಸೀಟಿಗೆ ಉಕ್ಕಿನ ತಂತಿಯಿಂದ ಬಿಗಿದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಬಿಡಿ. ಡ್ಯಾಶ್‌ಬೋರ್ಡಿನ ಖಾನೆ ಕಳ್ಳರ ಮೊದಲ ಜಾಗ.

ಕನ್ನಡ ಸಂಘದ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ಎಷ್ಟೋ ಊರುಗಳಲ್ಲಿ ನಡೆಯುವುದು ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ. ವಾರಾಂತ್ಯದ ಕನ್ನಡ ತರಗತಿಯೂ ಹಾಗೆಯೇ. ಅಲ್ಲಿ ಯಾರ ಸಮ್ಮತಿ ಅಸಮ್ಮತಿಯ ಪ್ರಶ್ನೆಯೂ ಇಲ್ಲ: ಶಾಲೆಯ ಕಟ್ಟಡದೊಳಗೆ ಬಂದೂಕು ಒಯ್ಯುವುದು ಟೆಕ್ಸಸ್‌ನಲ್ಲಿ ಜೈಲಿನ ಅಪರಾಧ, ಲೈಸೆನ್ಸ್ ಇದ್ದರೂ. ಭಾನುವಾರ ಮಕ್ಕಳಿಲ್ಲ, ನಡೆಯುವುದು ಡೊಳ್ಳು ಕುಣಿತ ಎಂಬ ನೆಪ ನಡೆಯುವುದಿಲ್ಲ. ಅಂಚೆ ಕಚೇರಿ, ಕೋರ್ಟು, ಮತಗಟ್ಟೆ, ವಿಮಾನ ನಿಲ್ದಾಣದ ತಪಾಸಣೆಯ ಒಳಭಾಗ ಇವೂ ಇಲ್ಲ.

ದೇವಸ್ಥಾನ, ಚರ್ಚು ಮೊದಲಾದ ಕಡೆ ಆಡಳಿತದವರು ಬೇಡವೆಂದು ತಿಳಿಸದಿದ್ದರೆ ಲೈಸೆನ್ಸ್‌ದಾರರು ಒಯ್ಯಲು ಕಾನೂನಿನ ಅಡ್ಡಿಯಿಲ್ಲ. ನನ್ನ ಮಾತು ಕೇಳುವುದಾದರೆ ಸಮಿತಿಯವರಲ್ಲಿ ಒಬ್ಬರನ್ನು ಖಾಸಗಿಯಾಗಿ ಕೇಳಿ. ಕೆಲವು ಕಡೆ ‘ಹಬ್ಬದ ಜನಜಂಗುಳಿಯಲ್ಲಿ ಭದ್ರತೆಗೆ ನಿಮ್ಮಂಥವರು ಬೇಕು’ ಎನ್ನುತ್ತಾರೆ, ಕೆಲವು ಕಡೆ ‘ಗರ್ಭಗುಡಿಯ ಮುಂದೆ ಅದೇನು?’ ಎನ್ನುತ್ತಾರೆ. ಎರಡನ್ನೂ ಒಪ್ಪಿಕೊಳ್ಳಿ. ನವರಾತ್ರಿಯಲ್ಲಿ ಆಯುಧಪೂಜೆ ಮಾಡುವವರು ನಾವು ಎಂದು ಅರ್ಚಕರೊಡನೆ ತರ್ಕಕ್ಕೆ ಇಳಿಯಬೇಡಿ. ನಾನು ಇಳಿದಿದ್ದೆ. ಸಾಷ್ಟಾಂಗ ಹಾಕಿದಾಗ ಅದರ ನಳಿಗೆ ಯಾರ ಕಡೆಗೆ ತಿರುಗುತ್ತದೆ ಎಂದು ಅವರು ಕೇಳಿದರು.

ಕಚೇರಿಯದು ಸರಳ. ಕಟ್ಟಡದೊಳಗೆ ಬೇಡವೆನ್ನುವ ಅಧಿಕಾರ ಮಾಲೀಕರಿಗಿದೆ. ಲೈಸೆನ್ಸ್ ಇದ್ದವರು ಬೀಗ ಹಾಕಿದ ತಮ್ಮ ಕಾರಿನಲ್ಲಿ, ಪಾರ್ಕಿಂಗ್‌ನಲ್ಲಿ ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ತಡೆಯುವಂತಿಲ್ಲ ಎಂದು 2011ರ ಕಾನೂನು ಹೇಳುತ್ತದೆ. ಸಹೋದ್ಯೋಗಿಗಳಿಗೆ ಹೇಳುವ ಅಗತ್ಯ ಯಾವ ಕಾನೂನಿನಲ್ಲೂ ಇಲ್ಲ, ಯಾವ ಬುದ್ಧಿವಂತಿಕೆಯಲ್ಲೂ ಇಲ್ಲ.

ಅಂಗಡಿಯವರು ‘ಹೊರಗೆ ಹೋಗಿ’ ಎಂದರೆ

ಟೆಕ್ಸಸ್‌ನಲ್ಲಿ ಅಂಗಡಿ, ಹೋಟೆಲುಗಳ ಬಾಗಿಲಲ್ಲಿ ನೋಡಬೇಕಾದ ಫಲಕ 30.06. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಕನಿಷ್ಠ ಒಂದಂಗುಲ ಎತ್ತರದ ಅಕ್ಷರಗಳಲ್ಲಿ ಇರುತ್ತದೆ. ಲೈಸೆನ್ಸ್‌ದಾರರು ಮರೆಯಲ್ಲಿಯೂ ಒಯ್ಯಬಾರದು ಎಂದು ಅದರ ಅರ್ಥ. 30.07 ಎದ್ದು ಕಾಣುವಂತೆ ಕಟ್ಟಿಕೊಂಡವರಿಗೆ. ಕೆಂಪು ಅಕ್ಷರದ 51% ಫಲಕ ಕಂಡರೆ ಅದು ಬಾರು. ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯದಿಂದ ಬರುವ ಜಾಗ. ಅಲ್ಲಿ ಕಾಲಿಡಬೇಡಿ.

ಕೆಲವರು ಪಿಸ್ತೂಲಿನ ಚಿತ್ರಕ್ಕೆ ಕೆಂಪು ಗೀಟು ಎಳೆದು ಅಂಟಿಸಿರುತ್ತಾರೆ. ಲೈಸೆನ್ಸ್ ಇದ್ದವರನ್ನು ತಡೆಯಲು ಆ ಚಿತ್ರವೊಂದೇ ಸಾಲದು ಎಂದು ಅನುಭವಿಗಳು ನಗುತ್ತಾ ಒಳಗೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ಅಂಗಡಿಯವನಿಗೆ ಕಾನೂನಿನ ಕಲಂ ಗೊತ್ತಿಲ್ಲದಿರಬಹುದು, ಅವನ ಮನಸ್ಸಿನಲ್ಲಿರುವುದಂತೂ ನನಗೆ ಗೊತ್ತಾಯಿತಲ್ಲ. ಬೇರೆ ಅಂಗಡಿಗೆ ಹೋದರೂ ಹಾಲು ಸಿಗುತ್ತದೆ.

ಒಳಗಿದ್ದಾಗ ಯಾರಾದರೂ ಗಮನಿಸಿ, ಮ್ಯಾನೇಜರ್ ಬಂದು ಹೋಗಿ ಎಂದರೆ ಆಡಬೇಕಾದ ಮಾತು ಇಷ್ಟೇ: ‘ಕ್ಷಮಿಸಿ, ಈಗಲೇ ಹೊರಡುತ್ತೇನೆ.’ ಗಾಡಿಯಲ್ಲಿ ತುಂಬಿದ್ದ ಸಾಮಾನು ಅಲ್ಲೇ ಬಿಟ್ಟು ಹೊರಡಿ. ಪರ್ಸಿನಿಂದ ಲೈಸೆನ್ಸ್ ತೆಗೆದು ತೋರಿಸಲು ಹೋಗಬೇಡಿ. ನೀವು ಸೊಂಟದ ಕಡೆ ಕೈ ಒಯ್ದಿರಿ ಎಂದು ಅವರಿಗೆ ಕಾಣಬಹುದು. ಕಾನೂನಿನ ಲೆಕ್ಕ ಹೀಗಿದೆ: ಫಲಕ ನೋಡದೆ ಒಳಗೆ ಬಂದರೆ 200 ಡಾಲರ್‌ವರೆಗಿನ ದಂಡದ ಸಣ್ಣ ಅಪರಾಧ, ಬಾಯಿ ಬಿಟ್ಟು ಹೇಳಿದ ಮೇಲೂ ನಿಂತರೆ ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ಬಾಗಿಲಿನಲ್ಲಿ ನಿಂತು, ಶಸ್ತ್ರ ಹೊಂದುವ ಹಕ್ಕನ್ನು ಕಾಯುವ ಅಮೆರಿಕ ಸಂವಿಧಾನದ ಎರಡನೆಯ ತಿದ್ದುಪಡಿಯ ಪಾಠ ಹೇಳುವವರು ಈ ಎರಡರ ನಡುವಿನ ಅಂತರ ನೆನಪಿಡಲಿ. ಎರಡನೆಯ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆ, ಕಿರಾಣಿ ಅಂಗಡಿಯ ಮಾಲೀಕನದಲ್ಲ. ಮನೆಯ ಹೊರಗೆ ಪಿಸ್ತೂಲು ಒಯ್ಯುವುದು ಹಕ್ಕು ಎಂದು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಹೇಳಿದ್ದೂ ಸರ್ಕಾರಕ್ಕೇ.

ಕೇಳಿ ಬರುವ ಮಾತುಗಳು

‘ಅಷ್ಟು ಹೆದರಿಕೆಯೇ?’ ಎಂಬುದು ಸಾಮಾನ್ಯ ಚುಚ್ಚು. ‘ಸ್ವಲ್ಪ ಇದೆ’ ಎಂದು ಒಪ್ಪಿಕೊಂಡುಬಿಡಿ. ಮುಂದಿನ ಮಾತು ಅವರಿಗೇ ತೋಚುವುದಿಲ್ಲ.

2023ರ ಮೇ 6ರಂದು ನಮ್ಮ ಪಕ್ಕದ ಆಲನ್ ಊರಿನ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬಳೂ ಇದ್ದಳು. ನಾವೆಲ್ಲ ಶನಿವಾರ ಬಟ್ಟೆ ಕೊಳ್ಳಲು ಹೋಗುವ ಜಾಗ ಅದು. ಆ ವಾರ ನನಗೆ ಬಂದ ಫೋನುಗಳಲ್ಲಿ ಅರ್ಧ ‘ಲೈಸೆನ್ಸ್ ಮಾಡಿಸುವುದು ಹೇಗೆ?’ ಎಂದು ಕೇಳಿದವು, ಇನ್ನರ್ಧ ‘ಈಗಲಾದರೂ ಅದನ್ನು ಬಿಡುತ್ತೀಯಾ?’ ಎಂದವು. ಒಂದೇ ಸುದ್ದಿ, ಒಂದೇ ದುಃಖ. ಇಂಥ ವಾರಗಳಲ್ಲಿ ವಾದಕ್ಕೆ ನಿಲ್ಲಲೇಬೇಡಿ. ಕೊಂದವನನ್ನು ಅಲ್ಲಿದ್ದ ಪೊಲೀಸ್ ಅಧಿಕಾರಿಯೊಬ್ಬರು ಹೊಡೆದು ಉರುಳಿಸಿದರು ಎಂಬುದನ್ನು ಎರಡೂ ಕಡೆಯವರು ತಮ್ಮ ಪರವಾಗಿ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ನಾನು ‘ಹೌದು, ಭಯವಾಗುತ್ತದೆ’ ಎಂದಷ್ಟೇ ಹೇಳಿದೆ.

ಒಪ್ಪದವರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಮೆಚ್ಚುವವರ ಬಗ್ಗೆ. ಹಿತ್ತಿಲಲ್ಲಿ ಬಾರ್ಬೆಕ್ಯೂ ಉರಿಯುತ್ತಿರುವಾಗ, ಕೈಯಲ್ಲಿ ಬಿಯರ್ ಹಿಡಿದು ‘ಒಂದು ಸಲ ತೋರಿಸು’ ಎನ್ನುವವರು ಇದ್ದೇ ಇರುತ್ತಾರೆ. ತೋರಿಸಬೇಡಿ. ಕಟ್ಟಿಕೊಂಡಿದ್ದೀರೋ ಇಲ್ಲವೋ ಎಂಬುದನ್ನೂ ಹೇಳಬೇಡಿ. ವಾಟ್ಸ್‌ಆಪ್‌ಗೆ ಫೋಟೊ ಹಾಕಿದವರೊಬ್ಬರ ಕಾರಿನ ಗಾಜು ತಿಂಗಳೊಳಗೆ ಒಡೆಯಿತು. ಫೋಟೊಗೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ, ಅವರಂತೂ ಫೋಟೊ ತೆಗೆದುಹಾಕಿದರು.

ಅಪ್ಪಯ್ಯ

ನನ್ನ ಅಪ್ಪಯ್ಯ ತೀರ್ಥಹಳ್ಳಿ ಕಡೆಯ ಅಡಕೆ ಬೆಳೆಗಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ, ಆಮೇಲೆ ಅಪ್ಪಯ್ಯ ಮಾಡಿಸಿದ ಒಂಟಿನಳಿಗೆಯ ತೋಟಾ ಕೋವಿ ಎರಡೂ ಇದ್ದವು. ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಕೊಡಗಿನವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ, ನಮಗೆ ಮಾತ್ರ ಈ ಅಲೆದಾಟ ಎಂದು ಗೊಣಗುತ್ತ. ಆದ್ದರಿಂದ ಅವರು ನನ್ನನ್ನು ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಬಂದಾಗ ನಾನಾಗಿಯೇ ಹೇಳಿದೆ. ಅವರಿಗೆ ತಿಳಿಯುವ ಹಕ್ಕಿತ್ತು.

‘ಕೋವಿ ಹಂದಿಗೆ. ಇದು ಯಾವುದಕ್ಕೆ?’ ಎಂದರು.

ಇದಕ್ಕೆ ಯಾವ ಮಾರ್ಗದರ್ಶಿಯೂ ನೆರವಾಗುವುದಿಲ್ಲ. ಹುಸಿ ಉತ್ತರ ಹೊಸೆಯಬೇಡಿ. ‘ಮನುಷ್ಯರಿಗೆ, ಆ ದಿನ ಬರದಿರಲಿ’ ಎಂದೆ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ, ಅವರಿದ್ದ ಆರು ತಿಂಗಳು ನಾನು ಅವರ ಜೊತೆ ಹೊರಗೆ ಹೋಗುವಾಗ ಕಟ್ಟಿಕೊಳ್ಳಲಿಲ್ಲ. ರಾತ್ರಿ ಮಲಗುವ ಮುಂಚೆ ‘ಪೆಟ್ಟಿಗೆಗೆ ಬೀಗ ಹಾಕಿದೆಯಾ?’ ಎಂದು ಕೇಳುತ್ತಿದ್ದರು, ಊರಿನಲ್ಲಿ ಕೊಟ್ಟಿಗೆಯ ಬಾಗಿಲು ಹಾಕಿದೆಯಾ ಎಂದು ಕೇಳುತ್ತಿದ್ದ ಹಾಗೆ. ಹಾಕಿದ್ದೇನೆ ಎನ್ನುತ್ತಿದ್ದೆ. ದಿನವೂ ಉತ್ತರಿಸಿ, ಬೇಸರ ಪಡಬೇಡಿ.

ಕೊನೆಯ ಸೂಚನೆ ಪ್ರಯಾಣದ್ದು. ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಯಾರಿಗೂ ಕೊಡಬೇಡಿ. 2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕಿದವು; ಸಿಕ್ಕಿಬಿದ್ದವರು ಹೇಳುವ ಮಾತು ಸಾಮಾನ್ಯವಾಗಿ ‘ಚೀಲದಲ್ಲಿ ಇದ್ದದ್ದು ಮರೆತೇಹೋಗಿತ್ತು’. ಭಾರತದಲ್ಲಿ ಒಂದೇ ಒಂದು ಜೀವಂತ ಗುಂಡು ಸಿಕ್ಕಿದರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು.

ಅಪ್ಪಯ್ಯ ಹೊರಡುವ ಹಿಂದಿನ ದಿನ ಅವರ ಚೀಲದ ಜಿಪ್ಪು ಕಿತ್ತುಬಂತು. ನನ್ನ ಕಪ್ಪು ಚೀಲ ಕೊಟ್ಟೆ. ಹೆಂಡತಿ ಅದನ್ನು ತಲೆಕೆಳಗು ಮಾಡಿ ಕೊಡವಿದಳು. ಒಳಜೇಬಿನಿಂದ ಒಂಬತ್ತು ಮಿಲಿಮೀಟರಿನ ಗುಂಡೊಂದು ಟಣ್ ಎಂದು ಬಿದ್ದು, ಉರುಳಿ, ಮಾವಿನಕಾಯಿ ಉಪ್ಪಿನಕಾಯಿಯ ಖಾಲಿ ಡಬ್ಬಕ್ಕೆ ತಗುಲಿ ನಿಂತಿತು. ಅಪ್ಪಯ್ಯ ಎತ್ತಿಕೊಳ್ಳಲು ಬಗ್ಗಿದರು.

‘ಮುಟ್ಟಬೇಡ ಅಪ್ಪಯ್ಯ’ ಎಂದೆ.

ಅವರು ಹಾಗೆಯೇ, ಅರ್ಧ ಬಗ್ಗಿದಲ್ಲೇ, ನನ್ನ ಮುಖ ನೋಡಿದರು. ‘ನಲವತ್ತು ವರ್ಷ ಕೋವಿ ಇಟ್ಟುಕೊಂಡೆ. ತೋಟಾಗಳನ್ನು ದಿನಾ ಎಣಿಸುತ್ತಿದ್ದೆ. ನೀನು ಎಣಿಸುವುದಿಲ್ಲವೇ?’

ಈಗ ಎಣಿಸುತ್ತೇನೆ. ಸೇಫಿನ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ರೇಂಜಿಗೆ ಒಯ್ದದ್ದು, ಹೊಡೆದದ್ದು, ಉಳಿದದ್ದು.